ಬೇಸ್‌ಮೆಂಟಿನ ಬಾಣಂತಿ ಗುಂಡಕ್ಕನ ಆರೈಕೆ ಕುರಿತು

ಚೇಳು ವೀಕ್ಷಣೆ, ಸಾಕಣೆ ಹಾಗೂ ಶೂ ಕೊಡವುವಿಕೆ ಉಪವಿಭಾಗ
ಮಹಾಸರೋವರ ವಲಯ (ಶಿಕಾಗೊ–ಡೆಟ್ರಾಯಿಟ್)
ಕ್ಯಾಂಪ್: ಡೌನರ್ಸ್ ಗ್ರೋವ್, ವಾಷಿಂಗ್ ಮಷೀನ್ ಪಕ್ಕ

ಸಂಖ್ಯೆ: ಚೇವೀಸಾ/ಕೊಂಡಿ/ತುರ್ತು, ಆದರೆ ನಿಧಾನ

ಸುತ್ತೋಲೆ

ವಿಷಯ: ಡೆಟ್ರಾಯಿಟ್ ಬಳಿಯ ರಾಚೆಸ್ಟರ್ ಹಿಲ್ಸ್ ನಿವಾಸಿ ಗುಂಡಕ್ಕ ಎಂಬ ಕಪ್ಪು ಚೇಳನ್ನು ಮನೆಯಿಂದ ಹೊರಹಾಕುವ ಆದೇಶವನ್ನು ರದ್ದುಪಡಿಸಿ, ಬಾಣಂತನದ ನಿಯಮಗಳನ್ನು ಜಾರಿಗೊಳಿಸುವ ಬಗ್ಗೆ.

ಉಲ್ಲೇಖ:
(ಅ) ಶ್ರೀಮತಿ ಶಿವಲಿಂಗಮ್ಮನವರು ಡ್ರೈವ್‌ವೇಯಲ್ಲಿ ಸೂಟ್‌ಕೇಸಿನ ಮೇಲೆ ಕುಳಿತು ನೀಡಿದ ಮೌಖಿಕ ಆದೇಶ.
(ಆ) ಇದೇ ಉಪವಿಭಾಗದ ಗುಂಡಕ್ಕ ವರ್ಗಾವಣೆ ಆದೇಶ (ಮೂಲಪ್ರತಿಯ ಮೇಲೆ ಸದ್ಯ ಸಾರಿನ ಪಾತ್ರೆ ಇದೆ).
(ಇ) ಕಸದ ಡಬ್ಬಿಯನ್ನು ಒಂದು ದಿನ ಮೊದಲೇ ಹೊರಗಿಟ್ಟ ಬಗ್ಗೆ ಸಬ್‌ಡಿವಿಷನ್ನಿನವರ, ಅಂದರೆ ಬಡಾವಣೆ ಸಂಘದವರ, ನೋಟಿಸು (ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಜೊತೆಯಲ್ಲಿ ಪಿನ್ ಆಗಿಬಿಟ್ಟಿದೆ).

ಪ್ರಸ್ತಾವನೆ

ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಇಂಜಿನಿಯರ್ ಆಗಿರುವ ಶ್ರೀ ರಾಜಶೇಖರ್ ಇವರು ಗುಂಡಕ್ಕನನ್ನು ಪೆಟ್ ಅಂಗಡಿಯಿಂದ ತಂದು ಬೇಸ್‌ಮೆಂಟಿನ ಗಾಜಿನ ಪೆಟ್ಟಿಗೆಯಲ್ಲಿ ಸಾಕಿಕೊಂಡಿರುತ್ತಾರೆ. ಪತ್ನಿ ನೀಲಗಂಗಾ ಅವರಿಗೆ ವೀಸಾ ಆಗುವತನಕದ ಇಡೀ ಚಳಿಗಾಲವನ್ನು ಸದರಿಯವರು ಸದರಿ ಚೇಳಿನ ಜೊತೆಯಲ್ಲೇ ಕಳೆದು, ಆಫೀಸಿನ ಕಷ್ಟಸುಖವನ್ನೆಲ್ಲ ಅದರ ಮುಂದೆಯೇ ಹೇಳಿಕೊಂಡಿರುವುದು ದಾಖಲಾಗಿದೆ. ಗುಂಡಕ್ಕ ಒಮ್ಮೆಯೂ ಮಧ್ಯೆ ಬಾಯಿ ಹಾಕಿಲ್ಲ.

ಹೀಗಿರುವಲ್ಲಿ, ಗದಗದಿಂದ ಬಂದಿಳಿದ ರಾಜಶೇಖರ್ ಅವರ ತಾಯಿ ಶಿವಲಿಂಗಮ್ಮನವರು ಚೇಳಿನ ಸುದ್ದಿ ತಿಳಿದು ಹೊಸ್ತಿಲು ದಾಟಲು ನಿರಾಕರಿಸಿ, "ಆ ಚೇಳರ ಇರಲಿ, ಇಲ್ಲಾ ನಾನರ ಇರ್ತೀನಿ. ಐತವಾರದೊಳಗ ಹೇಳು" ಎಂದು ಗಡುವು ವಿಧಿಸಿರುತ್ತಾರೆ. ಈ ಸಂಬಂಧ ನಡೆದ ವಿಚಾರಣೆಯ ನಡಾವಳಿ ಈ ಕೆಳಕಂಡಂತಿದೆ:

ರಾಜಶೇಖರ್: "ಅವ್ವಾ, ಭಾಳ ಸಂಭಾವಿತ ಐತಿ ಅದು. ಯಾರಿಗೂ ಏನೂ ಮಾಡಂಗಿಲ್ಲ."
ಶಿವಲಿಂಗಮ್ಮ: "ಸಂಭಾವಿತ ಇದ್ರ ಬಾಲ ಯಾಕ ಹಂಗ ಎತ್ತಿಕೊಂಡು ಅಡ್ಡಾಡ್ತೈತಿ?"
ರಾಜಶೇಖರ್: "ಈ ಜಾತಿದು ಕಡದ್ರ ಜೇನಹುಳ ಕಡದಂಗ ಆಗ್ತೈತಿ, ಅಷ್ಟ."
ಶಿವಲಿಂಗಮ್ಮ: "ಹಂಗಾರ ಜೇನಹುಳಾನ ಸಾಕಲೇ. ತುಪ್ಪನರ ಬರ್ತೈತಿ."
ನೀಲಗಂಗಾ: "ವಾರಕ್ಕ ಎರಡು ಕ್ರಿಕೆಟ್ ಹುಳ ಹಾಕಿದ್ರ ಸುಮ್ನ ಬಿದ್ದಿರತೈತ್ರಿ ಅತ್ತಿ. ನಿಮ್ಮ ಮಗನಷ್ಟು ತ್ರಾಸ ಇಲ್ಲ."

ಕೊನೆಯ ಹೇಳಿಕೆಯನ್ನು ರಾಜಶೇಖರ್ ಅವರ ಕೋರಿಕೆಯ ಮೇರೆಗೆ ಕಡತದಿಂದ ತೆಗೆದುಹಾಕಲಾಗಿದೆ.

ಅದರಂತೆ ಗುಂಡಕ್ಕನನ್ನು ಶಿಕಾಗೊ ಬಳಿಯ ಡೌನರ್ಸ್ ಗ್ರೋವ್‌ನಲ್ಲಿರುವ ಉಪವಿಭಾಗದ ಸದಸ್ಯ ಶ್ರೀ ಪ್ರಕಾಶ್ ಅವರ ಮನೆಗೆ ವರ್ಗಾಯಿಸಿ ಆದೇಶಿಸಲಾಗಿತ್ತು. ರಾಜಶೇಖರ್ ಅವರು ಶನಿವಾರ ಬೆಳಗ್ಗೆ ಪೆಟ್ಟಿಗೆಗೆ ಸೀಟ್‌ಬೆಲ್ಟ್ ಕಟ್ಟಿ, ಮುನ್ನೂರು ಮೈಲಿಯ ದಾರಿ ಹಿಡಿದಿರುತ್ತಾರೆ. ಹೇಗಿದ್ದರೂ ಹೋಗುವ ಗಾಡಿ, ಅಲ್ಲೇ ಹತ್ತಿರದ ಲೆಮಾಂಟ್ ದೇವಸ್ಥಾನವನ್ನೂ ನೋಡಿ ಬರೋಣವೆಂದು ಶಿವಲಿಂಗಮ್ಮನವರೂ ಹತ್ತಿರುತ್ತಾರೆ. ಅರ್ಧ ದಾರಿಯ ಕಲಮಜೂ ಊರು ದಾಟಿದ ಮೇಲೆ ರೆಸ್ಟ್ ಏರಿಯಾದಲ್ಲಿ ಮಗ ಕಾಫಿ ತರಲು ಹೋದಾಗ, ಹಗೆ ಹೇಗಿದೆಯೋ ನೋಡೋಣವೆಂದು ಸದರಿಯವರು ಪೆಟ್ಟಿಗೆಯ ಮೇಲಿನ ಟವೆಲ್ ಎತ್ತಿದಾಗ, ಗುಂಡಕ್ಕನ ಬೆನ್ನ ಮೇಲೆ ಅಕ್ಕಿಕಾಳಿನಂಥ ಬಿಳಿಯ ಮರಿಗಳು ಒತ್ತೊತ್ತಾಗಿ ಕುಳಿತಿರುವುದು ಕಂಡುಬಂದಿದೆ. ಆಗ ಅವರು ಕಿಟಕಿಯಿಂದ ತಲೆ ಹೊರಹಾಕಿ ಹೊರಡಿಸಿದ ಆದೇಶ:

"ಏ ರಾಜ್ಯಾ! ಓಡಿ ಬಾರಲೇ! ಹಡದಾಳಲೇ ಆಕಿ! ಮದಲ ಏಸಿ ಬಂದ್ ಮಾಡು, ಗಾಡಿ ತಿರುಗಸು!"

"ಅವ್ವಾ, ಪ್ರಕಾಶ್ ಕಾಯಾಕತ್ತಾನ. ದೇವಸ್ಥಾನ..."

"ದೇವರಿಗೆ ಇಲ್ಲಿಂದನ ಕೈ ಮುಗದ್ರಾತು. ಹಸಿ ಬಾಣಂತಿನ ಮನಿ ಬಿಡಸ್ತಾರೇನಲೇ? ನಿನಗ ಯಾರು ಹೇಳಿದ್ರು ಇದನ್ನ?"

ಹೇಳಿದವರು ತಾವೇ ಎಂಬುದನ್ನು ಸದರಿಯವರ ಗಮನಕ್ಕೆ ತರುವ ಧೈರ್ಯ ಯಾರೂ ಮಾಡಿರುವುದಿಲ್ಲ. ಮೇಲ್ಕಂಡ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಅಷ್ಟರಲ್ಲಿ ಕಾಫಿ ಆರಿದ್ದರಿಂದ ಮತ್ತೊಮ್ಮೆ ಕಾಯಿಸಿ, ಈ ಕೆಳಗಿನಂತೆ ಸೂಚಿಸಲಾಗಿದೆ.

ನಿಯಮಗಳು

1. ಗುಂಡಕ್ಕನನ್ನು ಬೆಚ್ಚಗಿಡತಕ್ಕದ್ದು. ಪೆಟ್ಟಿಗೆಯಡಿಯ ಶಾಖದ ಹಾಳೆ ಸಾಲದೆಂದು ಶಿವಲಿಂಗಮ್ಮನವರು ಇಡೀ ಮನೆಯ ಥರ್ಮೊಸ್ಟಾಟನ್ನು ಎಂಬತ್ತೈದು ಫ್ಯಾರನ್‌ಹೀಟಿಗೆ ಏರಿಸಿರುವುದನ್ನು ಊರ್ಜಿತಗೊಳಿಸಲಾಗಿದೆ. ಮನೆಯ ಉಳಿದ ಸದಸ್ಯರು ಗ್ಯಾರೇಜಿನಲ್ಲಿ ಮಲಗಲು ಅರ್ಜಿ ಹಾಕಬಹುದು.

2. ಬಾಣಂತಿಯ ಕಿವಿಗೆ ಗಾಳಿ ಹೋಗದಂತೆ ಸ್ಕಾರ್ಫ್ ಕಟ್ಟತಕ್ಕದ್ದು. ಗುಂಡಕ್ಕನ ಕಿವಿ ಎಲ್ಲಿದೆ ಎಂಬ ಬಗ್ಗೆ ನೇಮಿಸಿದ ತನಿಖಾ ಸಮಿತಿಯು ಭೂತಗನ್ನಡಿ ಹಿಡಿದು ಹುಡುಕಿ, ಕಿವಿ ಇರುವುದಿಲ್ಲವೆಂದು ವರದಿ ನೀಡಿದೆ. ವರದಿಯನ್ನು ಅಂಗೀಕರಿಸಲಾಗಿದೆ. ಸ್ಕಾರ್ಫ್ ಕಟ್ಟತಕ್ಕದ್ದು. (ಸದ್ಯ ಪೆಟ್ಟಿಗೆಗೆ ಕಟ್ಟಲಾಗಿದೆ.)

3. ಬಾಣಂತಿಗೆ ಅಂಟಿನುಂಡಿ, ಬೆಳ್ಳುಳ್ಳಿ, ಅಜವಾನ ಕೊಡುವುದು ವಾಡಿಕೆ. ಗುಂಡಕ್ಕ ಉಂಡಿಯನ್ನು ಮೂಸಿ ನೋಡಿ ಹಿಂದೆ ಸರಿದಿರುವುದರಿಂದ, ಸದರಿ ಉಂಡಿಯನ್ನು ಕ್ರಿಕೆಟ್ ಹುಳಗಳಿಗೆ ತಿನ್ನಿಸಿ, ಸದರಿ ಹುಳಗಳನ್ನು ಗುಂಡಕ್ಕನಿಗೆ ತಿನ್ನಿಸಿ, ಉಳಿದ ಉಂಡಿಯನ್ನು ರಾಜಶೇಖರ್ ಅವರಿಗೆ ತಿನ್ನಿಸತಕ್ಕದ್ದು. ಕ್ರಿಕೆಟ್ ಹುಳಗಳು ಈಗ ಪುಷ್ಟವಾಗಿ ಬೆಳೆದು ಪೆಟ್ಟಿಗೆಯ ಮುಚ್ಚಳ ತಾವೇ ತೆಗೆಯುತ್ತಿವೆ ಎಂಬ ದೂರು ಬಂದಿದ್ದು, ಪರಿಶೀಲನೆಯಲ್ಲಿದೆ.

4. ಕಿರಿಕಿರಿಯಾದಲ್ಲಿ ತಾಯಿಚೇಳು ತನ್ನ ಮರಿಗಳನ್ನೇ ತಿನ್ನುವ ಸಂಭವವಿರುವುದರಿಂದ, ಬಂಧುಗಳು ಪೆಟ್ಟಿಗೆಯ ಮುಂದೆ ನಿಂತು ಸಲಹೆ ಕೊಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. "ಎಷ್ಟು ಇಳಿದುಹೋಗಿದೀಯ" ಎನ್ನುವುದೂ, "ಎಷ್ಟು ದಪ್ಪ ಆಗಿದೀಯ" ಎನ್ನುವುದೂ ಸಮಾನ ಅಪರಾಧ.

5. ದೃಷ್ಟಿಬೊಟ್ಟಿನ ಬಗ್ಗೆ: ಗುಂಡಕ್ಕ ಆಪಾದಮಸ್ತಕ ಕಪ್ಪಗಿರುವುದರಿಂದ ಜನ್ಮತಃ ಬೊಟ್ಟು ಇಟ್ಟಿದೆ ಎಂದು ಪರಿಗಣಿಸಲಾಗಿದೆ.

6. "ಶಿವಲಿಂಗಮ್ಮ ಬಾಣಂತನ ಮಾಡ್ತಿದಾರಂತೆ" ಎಂಬ ಅರ್ಧ ಸುದ್ದಿ ಹಬ್ಬಿ, ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ ನೀಲಗಂಗಾ ಅವರಿಗೆ ಅಭಿನಂದನೆ, ಉಲನ್ ಟೋಪಿ ಹಾಗೂ ಡೈಪರ್ ಪೊಟ್ಟಣಗಳು ಸಂದಿರುತ್ತವೆ. ಅಲ್ಲಿ ಮೈಸೂರಿನ ಆಂಟಿಯೊಬ್ಬರೊಂದಿಗೆ ನಡೆದ ಮಾತುಕತೆಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಪ್ರಕಟಿಸಲಾಗಿದೆ:

"ಹಡದಾಕಿ ನಾನಲ್ರೀ ಆಂಟಿ. ಬೇಸ್‌ಮೆಂಟಿನ್ಯಾಗ ಇರಾಕಿ."
"ಅಯ್ಯೋ, ಯಾರೇ ಅದು, ಟೆನೆಂಟಾ?"
"ಹ್ಞೂ ಅನ್ರಿ. ಬಾಡಿಗಿ ಕೊಡಂಗಿಲ್ಲ, ಅಷ್ಟ."
"ಪಾಪ! ಗಂಡ ಎಲ್ಲಿದಾನೆ?"
"ತಿಂದಿರಬೇಕ್ರಿ."

ಆಂಟಿಯವರು ಅಂದಿನಿಂದ ಫೋನ್ ಎತ್ತುತ್ತಿಲ್ಲ. ಡೈಪರ್‌ಗಳನ್ನು ಕ್ರಿಕೆಟ್ ಹುಳಗಳ ಡಬ್ಬಿಯಡಿ ಹಾಸಲಾಗಿದೆ.

7. ಕಾಡುಚೇಳು ವೀಕ್ಷಣೆ: ಅತಿನೇರಳೆ ಬೆಳಕಿನ ಟಾರ್ಚ್ ಬಿಟ್ಟರೆ ಚೇಳು ಹಸಿರಾಗಿ ಹೊಳೆಯುವುದು ನಿಜ. ಆದರೆ ಈ ಸುತ್ತಿನ ಬಯಲಿನಲ್ಲಿ ಚೇಳುಗಳಿಲ್ಲ ಎಂಬುದನ್ನು ಸದಸ್ಯರು ಇನ್ನಾದರೂ ಒಪ್ಪತಕ್ಕದ್ದು. ಕಳೆದ ಸಲ ಪೊದೆಯಾಚೆ ಕಂಡ, ಎಮ್ಮೆ ಗಾತ್ರದ ಹೊಳೆಯುವ ಚೇಳು, ಅದೇ ಬೆಳಕಿಗೆ ಹೊಳೆಯುವ ಸೋಪಿನ ಪೌಡರ್ ಹಾಕಿ ಒಗೆದ ಪ್ರಕಾಶ್ ಅವರ ಪಂಚೆಯಾಗಿತ್ತು. ಪಂಚೆಯೊಳಗೆ ಪ್ರಕಾಶ್ ಅವರೂ ಇದ್ದರು. ಗುಂಡಕ್ಕನಿಗಾಗಿ ಸಜ್ಜುಗೊಳಿಸಿ ಕಾದಿದ್ದ ಅವರ ಖಾಲಿ ಪೆಟ್ಟಿಗೆಯನ್ನು ಮುಂದಿನ ಆದೇಶದವರೆಗೆ ಅವರೇ ವೀಕ್ಷಿಸತಕ್ಕದ್ದು. ಬಾಣಂತಿಯ ಮೇಲೆ ಟಾರ್ಚ್ ಬಿಟ್ಟವರ ಮೇಲೆ ಶಿವಲಿಂಗಮ್ಮನವರನ್ನು ಬಿಡಲಾಗುವುದು.

8. ತೊಟ್ಟಿಲು ಹಾಕುವ ದಿನ ಮರಿಗಳಿಗೆ ಹೆಸರಿಡಲಾಗುವುದು. ಹೆಸರನ್ನು ಕಿವಿಯಲ್ಲಿ ಹೇಳುವ ಬಗ್ಗೆ ನಿಯಮ 2 ನೋಡುವುದು.

9. ಮರಿಗಳಲ್ಲಿ ತಮಗೊಂದು ಕೊಡಿ ಎಂದು ಬಂದ ಅರ್ಜಿಗಳನ್ನು ತಿರಸ್ಕರಿಸಲಾಗಿದೆ. ತಾಯಿಬೆನ್ನಿಂದ ಅವು ತಾವಾಗಿಯೇ ಇಳಿಯುವವರೆಗೆ ಯಾರೂ ಕೈಹಾಕತಕ್ಕದ್ದಲ್ಲ. ಈ ಬಗ್ಗೆ ಶಿವಲಿಂಗಮ್ಮನವರು ಮಗನನ್ನು ಉದ್ದೇಶಿಸಿ, "ನೀನೂ ಹಿಂಗ ಇದ್ದಿ. ಬೆನ್ನ ಬಿಟ್ಟು ಇಳೀ ಅಂದ್ರ ಇಳೀತಿದ್ದಿಲ್ಲ" ಎಂದು ಸಾಕ್ಷ್ಯ ನುಡಿದಿರುತ್ತಾರೆ. ರಾಜಶೇಖರ್ ಅವರು ಆಗ ಪೆಟ್ಟಿಗೆಯ ಗಾಜು ಒರೆಸುತ್ತಿದ್ದು, ಒರೆಸಿದ ಜಾಗವನ್ನೇ ಬಹಳ ಹೊತ್ತು ಒರೆಸಿರುತ್ತಾರೆ.

10. ಉಲ್ಲೇಖ (ಅ) ಮತ್ತು (ಆ)ರ ಆದೇಶಗಳನ್ನು ಈ ಮೂಲಕ ರದ್ದುಪಡಿಸಲಾಗಿದೆ. ಬಾಣಂತನ ಮುಗಿದ ಮೇಲೆ ಗುಂಡಕ್ಕನ ಗತಿ ಏನು ಎಂದು ರಾಜಶೇಖರ್ ಅವರು ಬಾಗಿಲ ಮರೆಯಿಂದ ಕೇಳಲಾಗಿ, "ಇಷ್ಟು ಕೂಸು ಕಟ್ಟಿಗೊಂಡು ಎಲ್ಲಿ ಹೋಗಬೇಕಲೇ ಆಕಿ?" ಎಂಬ ಉತ್ತರ ಬಂದಿದ್ದು, ಇದನ್ನೇ ಕಾಯಂ ವಾಸದ ಪರವಾನಗಿ ಎಂದು ಭಾವಿಸತಕ್ಕದ್ದು. ಅಮೆರಿಕದಲ್ಲಿ ಇಷ್ಟು ಬೇಗ ಗ್ರೀನ್ ಕಾರ್ಡ್ ಪಡೆದವರು ಗುಂಡಕ್ಕ ಒಬ್ಬರೇ ಎಂದು ಹಲವು ಸದಸ್ಯರು ಹೊಟ್ಟೆಯುರಿ ಪಟ್ಟಿದ್ದು, ಸದರಿ ಹೊಟ್ಟೆಯುರಿಯನ್ನು ಕಡತಕ್ಕೆ ಸೇರಿಸಲಾಗಿದೆ.

(ಸಹಿ/-)
ಬಸಯ್ಯ
ಪ್ರಭಾರ ಚೇಳು ಅಧಿಕಾರಿ

ಪ್ರತಿಗಳು:
– ಶ್ರೀಮತಿ ಶಿವಲಿಂಗಮ್ಮ, ಅನುಮೋದನೆಗಾಗಿ. ಅನುಮೋದಿಸುವವರೆಗೆ ಮೇಲಿನದು ಯಾವುದೂ ಜಾರಿಯಲ್ಲಿಲ್ಲ.
– ಶ್ರೀಮತಿ ನೀಲಗಂಗಾ, ಗ್ಯಾರೇಜು, ರಾಚೆಸ್ಟರ್ ಹಿಲ್ಸ್.
– ಶ್ರೀ ಪ್ರಕಾಶ್, ಡೌನರ್ಸ್ ಗ್ರೋವ್, ಖಾಲಿ ಪೆಟ್ಟಿಗೆಯ ಜೊತೆಗಿಡಲು.
– ಮೈಸೂರಿನ ಆಂಟಿ, ಬಾಗಿಲಡಿ ತೂರಿಸುವುದು.
– ಸಬ್‌ಡಿವಿಷನ್ನಿನವರು, ಕಸದ ಡಬ್ಬಿಯ ಬಗ್ಗೆ ಕ್ಷಮಾಪಣೆಯೊಂದಿಗೆ.
– ಗುಂಡಕ್ಕ: ಪ್ರತಿ ಕಳಿಸಿಲ್ಲ. ಬಾಣಂತಿ ಓದಿದರೆ ಕಣ್ಣು ಕೆಡುತ್ತವೆ, ಸದರಿಯವರಿಗೆ ಎಂಟಿವೆ.