ದೂರೇ ಬಾರದ ಚಂದ್ರಿಕೆ ಕಳವು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಳ್ಳ ನಾನೇ! ಕಾರಣ, ಹೊಟ್ಟೆಕಿಚ್ಚು.

ಕೋಲಾರದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೇನೆ, ವಿಶೇಷ ವಿಷಯ, ಅಪರಾಧ ಮತ್ತು ನ್ಯಾಯ. ಮೇಷ್ಟ್ರ ಕೆಮ್ಮು, ಅಟೆಂಡರ್ ಗೊಣಗಾಟ, ಯಾರನ್ನು ಬೇಕಾದರೂ ಅನುಕರಿಸಬಲ್ಲೆ. ಬುದ್ಧಿವಂತರನ್ನು ಅನುಕರಿಸುವುದು ಮಾತ್ರ ಇನ್ನೂ ಬಂದಿಲ್ಲ. ತರಗತಿಯ ಚಪ್ಪಾಳೆಯೆಲ್ಲ ಹುತ್ತೂರಿನ ಸೌಮ್ಯಳಿಗೆ! ವಿಚಾರ ಸಂಕಿರಣದಲ್ಲಿ ಒಬ್ಬರಿಗಷ್ಟೇ ಅವಕಾಶ ಎಂದಾಗಲೂ ಮೇಷ್ಟ್ರು ನೋಡಿದ್ದು ಅವಳನ್ನೇ. ನನಗೆ ಮೈಯೆಲ್ಲ ಉರಿಯಿತು.

ಅವಳನ್ನು ಹಿಂದಿಕ್ಕಲು ತಾಜಾ ಅಪರಾಧವೊಂದು ಬೇಕಿತ್ತು. ಸಿಗದಿದ್ದರೆ ಮಾಡುವುದು! ಹುತ್ತೂರಿನಲ್ಲೇ ಇರುವ ನಮ್ಮ ದೊಡ್ಡಮ್ಮನ ಮನೆಯಿಂದ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದನ್ನು ಕದಿಯುವುದು. ಆಮೇಲೆ ದೂರು, ಅನುಮಾನ, ಪಂಚಾಯ್ತಿ, ತೀರ್ಪು, ಎಲ್ಲದರ ಸಮಗ್ರ ಅಧ್ಯಯನ!

ಚಂದ್ರಿಕೆ ಬಾಗಿಲಿನಷ್ಟು ದೊಡ್ಡದೆಂಬುದು ಹೊತ್ತಮೇಲೆ ನೆನಪಾಯಿತು. ಬೀದಿಯಲ್ಲಿ ಸೌಮ್ಯಳ ಅಪ್ಪನೇ ಎದುರಾದರು. ಸಿಕ್ಕಿಬಿದ್ದೆ!

"ಏನ್ಲಾ, ಒಬ್ನೇ ಹೊತ್ಕೊಂಡಿದ್ದೀಯ? ಇರು, ಆ ಕಡೆ ನಾನ್ ಹಿಡೀತೀನಿ."

ಕಳವಿನ ಮಾಲನ್ನು ಪಾಳುಬಿದ್ದ ಕೊಟ್ಟಿಗೆವರೆಗೆ ಸಾಗಿಸಿ, ಗೋಡೆಗೆ ಒರಗಿಸಿಯೂ ಕೊಟ್ಟರು.

ಮರುದಿನ ದೊಡ್ಡಮ್ಮ ನಿಶ್ಚಿಂತೆಯಿಂದ ಸೊಪ್ಪು ಕತ್ತರಿಸುತ್ತಿದ್ದರು.

"ದೊಡ್ಡಮ್ಮಾ, ಚಂದ್ರಿಕೆ ಒಂದು ಕಮ್ಮಿ ಇದ್ಯಲ್ಲಾ?"

"ಯಾರ ಮನೇಲೋ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದಿರ್ಬೇಕು, ತಗೊಂಡೋಗಿರ್ತಾರೆ. ಕೆಲ್ಸ ಮುಗಿದ್ಮೇಲೆ ತಂದಿಡ್ತಾರೆ ಬಿಡು."

"ಕೇಳ್ದೇನೇ?"

"ಹುಳ ಏನ್ ಕೇಳ್ಕೊಂಡ್ ಹಣ್ಣಾಗ್ತದಾ?"

ಇನ್ನೊಂದು ಕದ್ದೆ. ಅದಕ್ಕೂ ದೂರಿಲ್ಲ! ಕೊನೆಗೆ ಬೀದಿಯಲ್ಲಿ ನಿಂತು, ಇನ್ಸ್‌ಪೆಕ್ಟರ್ ದನಿಯಲ್ಲಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಏನಮ್ಮಾ, ನಿಮ್ಮನೇಲಿ ಕಳ್ಳತನ ಆಗಿದ್ಯಂತೆ! ದೂರು ಯಾಕೆ ಕೊಟ್ಟಿಲ್ಲ?"

"ಏಮ್ರಾ, ಗಂಟಲಿಗೇನಾಯ್ತು? ನಮ್ ಹುಳಾನೂ ಹಣ್ಣಾದ್ವು. ನೀನ್ ಹೊತ್ಕೊಂಡೋಗಿದ್ದು ಸೌಮ್ಯನಪ್ಪ ಹೇಳಿದ್ರು, ಆ ಎರಡೂ ತಂದಿಟ್ಟು, ಹುಳ ಬಿಡೋಕೂ ಬಾ!"

ಸಂಜೆಯವರೆಗೆ ಸೊಂಟ ಬಗ್ಗಿಸಿ, ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಟ್ಟೆ. ವಿಚಾರಣೆಯಿಲ್ಲದ ಶಿಕ್ಷೆ! ನೆರವಿಗೆ ಬಂದಿದ್ದ ಸೌಮ್ಯಳಿಗೆ ದೊಡ್ಡಮ್ಮ ನನ್ನ ಇನ್ಸ್‌ಪೆಕ್ಟರ್‌ಗಿರಿಯನ್ನೂ ಸೇರಿಸಿ ಸಕಲವನ್ನೂ ಹೇಳಿದರು. ಅವಳು ನಗಲಿಲ್ಲ. ಯೋಚಿಸಿದಳು. ಅಲ್ಲೇ ನನಗೆ ಭಯವಾಯಿತು.

ಸಂಕಿರಣದಲ್ಲಿ ಮಾತಾಡಿದ್ದು ಅವಳೇ. ವಿಷಯ: ಹೊತ್ತೊಯ್ದರೂ ಕಳ್ಳತನವೆನಿಸದ್ದು, ಅಂದರೆ ಯಾವುದು ಅಪರಾಧವೆಂದು ಊರು ತೀರ್ಮಾನಿಸುವ ಬಗೆ. ಚಪ್ಪಾಳೆ ನಿಲ್ಲಲೇ ಇಲ್ಲ. ಮೇಷ್ಟ್ರು ಕೆಮ್ಮುವುದನ್ನೂ ಮರೆತರು!

ಹೊರಗೆ ಅವಳನ್ನು ತಡೆದು ನಿಲ್ಲಿಸಿದೆ. "ಅದು ನನ್ನ ಅಪರಾಧ ಕಣೇ! ನಾನು ಕಷ್ಟಪಟ್ಟು ಮಾಡಿದ್ದನ್ನ ನೀನು ಕದ್ದೆ!"

"ಕದ್ದಿಲ್ಲ ಕಣೋ, ತಗೊಂಡೋಗಿದ್ದೀನಿ. ಕೆಲ್ಸ ಮುಗಿದ್ಮೇಲೆ ತಂದಿಡ್ತೀನಿ ಬಿಡು!"