ಲಿವರ್‌ಪೂಲ್ ಶಾಖೆಯ ಚಿಲಕ

ವ್ಯಾಟಲ್‌ಬ್ರಿಜ್ ಕೊರಿಯರ್ ಸಂಸ್ಥೆಯಲ್ಲಿ ದೂರುಗಳನ್ನು ರದ್ದುಪಡಿಸಲಾಗಿದೆ. ಮೆಲ್ಬರ್ನ್‌ನ ಮುಖ್ಯ ಕಚೇರಿ ಹೊರಡಿಸಿದ ಸುತ್ತೋಲೆಯ ಪ್ರಕಾರ ನೌಕರರಿಗೆ ಇನ್ನು ಮುಂದೆ ತೊಂದರೆಗಳು ಇರತಕ್ಕದ್ದಲ್ಲ, ಐಡಿಯಾಗಳು ಮಾತ್ರ ಇರತಕ್ಕದ್ದು. ಎಸಿ ಕೆಟ್ಟರೆ ಅದು ಐಡಿಯಾ. ಸೂರು ಸೋರಿದರೆ ಅದೂ ಐಡಿಯಾ. ಇವುಗಳ ಪೋಷಣೆಗೆಂದು ಐಡಿಯಾ ವಿಭಾಗ ತೆರೆದು, ರಿಪೇರಿ ವಿಭಾಗವನ್ನು ಮುಚ್ಚಲಾಯಿತು. ಎರಡಕ್ಕೂ ಕುರ್ಚಿ ಹಾಕಲು ಜಾಗ ಎಲ್ಲಿಂದ ತರುವುದು?

ಸಿಡ್ನಿಯ ಲಿವರ್‌ಪೂಲ್ ಶಾಖೆಯ ಅಸುಂತಾಗೂ ಒಂದು ತೊಂದರೆ, ಅಲ್ಲ, ಐಡಿಯಾ ಇತ್ತು. ಕಳೆದುಹೋದ ಪಾರ್ಸೆಲ್‌ಗಳ ಬಗ್ಗೆ ಬರುವ ಫೋನುಗಳಿಗೆ ದಿನವಿಡೀ ನಯವಾಗಿ ಉತ್ತರ ಹೇಳುವುದು ಅವಳ ಕೆಲಸ. ಶಾಖೆಗೆ ಇರುವುದು ಒಂದೇ ಟಾಯ್ಲೆಟ್, ಅದರ ಚಿಲಕ ಮುರಿದಿತ್ತು. ಬೆಳ್ತಂಗಡಿ ಕಡೆ ಬೆಳೆದ ಅಸುಂತಾ ಊರಿನ ರೂಢಿಯಂತೆ ಒಳಗೆ ಕೂತು ಕೆಮ್ಮುತ್ತಿದ್ದಳು. ಕೆಮ್ಮು ಕೇಳಿದರೆ ಒಳಗೆ ಜನ ಇದ್ದಾರೆ, ಆಚೆ ಹೋಗು ಅಂತ ಅರ್ಥ. ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಿಕೊಡುವುದಿಲ್ಲ. ಆಸ್ಟ್ರೇಲಿಯದವರಿಗೆ ಪಾಪ ಏನು ಗೊತ್ತು! ಶಾಖೆಯ ಪ್ರಥಮ ಚಿಕಿತ್ಸಾ ಅಧಿಕಾರಿ ಕೆಮ್ಮು ಕೇಳಿದ್ದೇ ತಡ, ನೀರಿನ ಲೋಟ ಹಿಡಿದು ಬಾಗಿಲು ತೆರೆದೇಬಿಟ್ಟರು.

ಮುಂದಿನ ವಾರ ಬಾಗಿಲು ತೆರೆದವನು ಸಿಡ್ನಿಯದೇ ಬಡಾವಣೆ ಗಿರಾವೀನ್‌ನಿಂದ ಬರುವ ನಮ್ಮ ಕಡೆಯ ಸಹೋದ್ಯೋಗಿ ಶ್ರೀನಾಥ್. ಕೆಮ್ಮಿನ ಅರ್ಥ ಅವನಿಗೆ ಚೆನ್ನಾಗಿ ಗೊತ್ತು, ಆದರೆ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಆಮೇಲೆ ಅವನು ಅಸುಂತಾಳ ಜೊತೆ ಮಾತಾಡುವಾಗೆಲ್ಲ ಸೂರು ನೋಡಿಕೊಂಡೇ ಮಾತಾಡುತ್ತಿದ್ದ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಆಫೀಸಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು.

"ಹೀಗೆ ಮಾಡಿದ್ರೆ ಕಿಡ್ನಿ ಹಾಳಾಗ್ತದೆ. ಮೇಲಿನವರಿಗೆ ಹೇಳು," ಅಂದ ಗಂಡ ಹರ್ಮನ್.

ಹೇಳಿದಳು. ಐಡಿಯಾವನ್ನು ಮಾತೃಭಾಷೆಯಲ್ಲೇ ಕೊಡಬೇಕು, ಆಗಲೇ ಅದು ಹೃದಯದಿಂದ ಬರುತ್ತದೆ ಎಂಬುದು ನಿಯಮ. ಅಸುಂತಾಳ ಹೃದಯದ ಭಾಷೆ ಕೊಂಕಣಿ, ಅದು ಐಡಿಯಾ ವಿಭಾಗದ ಪೋರ್ಟಲ್‌ನಲ್ಲಿ ಇರಲಿಲ್ಲ. ಕನ್ನಡ ಒತ್ತಿದಳು. ಕನ್ನಡ ಐಡಿಯಾಗಳ ಅಧಿಕಾರಿ ಪ್ರಮೋದ್ ಮೆಲ್ಬರ್ನ್ ಹೊರವಲಯದ ಕ್ಲೈಡ್ ನಾರ್ತ್‌ನ ಮನೆಯಿಂದಲೇ ಫೋನ್ ಮಾಡಿದ. ದಾವಣಗೆರೆಯ ಹುಡುಗ. ಇಲ್ಲಿಗೆ ಓದಲು ಬಂದು, ಕಾಯಂ ನೆಲೆಸಲು ಪಿಆರ್ ಪಡೆದು, ಈ ಹುದ್ದೆಗೆ ಏರಿದ್ದ. ಆದರೆ ಕನ್ನಡದಲ್ಲಿ ಇದುವರೆಗೆ ಒಂದು ಐಡಿಯಾವೂ ಬಾರದಿದ್ದುದರಿಂದ ಹುದ್ದೆ ಅಲ್ಲಾಡುತ್ತಿತ್ತು.

"ಹೇಳಿ ಮೇಡಂ, ಓಪನ್ ಆಗಿ ಹೇಳಿ."

"ಐಡಿಯಾ ಎಲ್ಲ ಎಂಥದೂ ಇಲ್ಲ. ಟಾಯ್ಲೆಟ್ಟಿಗೆ ಚಿಲಕ ಹಾಕ್ಲಿಕ್ಕೆ ಒಬ್ರನ್ನ ಕಳಿಸಿ ಮಾರಾಯ್ರೆ, ಅಷ್ಟೇ."

ಪ್ರಮೋದ್ ಅದನ್ನು ಬರೆದುಕೊಂಡ. "ಅಂದ್ರೆ, ಚಿಲಕ ಹಾಕೋಕೆ ಇನ್ನೊಬ್ರು ಇರ್ಬೇಕು ಅಂತೀರಾ?"

"ಮತ್ತೆ? ನಾನೇ ಹಾಕ್ಲಿಕ್ಕೆ ಆಗ್ತದಾ?"

"ಸೂಪರ್ ಮೇಡಂ. ಈ ಥರ ಇಲ್ಲೀತನಕ ಯಾರೂ ಥಿಂಕ್ ಮಾಡಿಲ್ಲ."

ಚಿಲಕ ಹಾಕುವುದು ಅಂದರೆ ಇಲ್ಲದ ಚಿಲಕವನ್ನು ಬಾಗಿಲಿಗೆ ಜೋಡಿಸುವುದೂ ಹೌದು, ಇರುವ ಚಿಲಕವನ್ನು ಸರಿಸಿ ಬಾಗಿಲು ಭದ್ರ ಮಾಡುವುದೂ ಹೌದು. ಮೊದಲನೆಯದು ರಿಪೇರಿ, ಅದಕ್ಕೆ ವಿಭಾಗವೇ ಇಲ್ಲ. ಎರಡನೆಯದು ಇನ್ನೋವೇಶನ್. ಪ್ರಮೋದ್ ಎರಡನೆಯದನ್ನೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದ. ವಿಭಾಗದ ಸಮಿತಿ ಕೂತು ಚರ್ಚಿಸಿ ಹೊರಡಿಸಿದ ಸುತ್ತೋಲೆ ಹೀಗಿತ್ತು:

"ಲಿವರ್‌ಪೂಲ್ ಶಾಖೆಯ ಟಾಯ್ಲೆಟ್ ಬಾಗಿಲಿಗೆ ಹೊರಬದಿಯಲ್ಲಿ ಚಿಲಕ ಅಳವಡಿಸಲಾಗುವುದು. ಒಳಗಿರುವ ನೌಕರರ ಪರವಾಗಿ ಹೊರಗಿರುವ ಸಹೋದ್ಯೋಗಿಯು ಚಿಲಕ ಹಾಕತಕ್ಕದ್ದು. ಇದರಿಂದ ಪರಸ್ಪರ ನಂಬಿಕೆ ವೃದ್ಧಿಯಾಗುವುದು. ಹೊರಬರಲಿಚ್ಛಿಸುವವರು ಕೆಮ್ಮತಕ್ಕದ್ದು."

ಅಸುಂತಾ ಕೂಡಲೇ ಫೋನ್ ಮಾಡಿದಳು. "ನಾನು ಹೇಳಿದ್ದು ಹಾಗಲ್ಲ. ಚಿಲಕ ಒಳಗೆ ಬೇಕಿತ್ತು."

"ಒಳಗಿನ ಚಿಲಕ ತುಂಬಾ ಹಳೇ ಐಡಿಯಾ ಮೇಡಂ. ಅದೂ ಅಲ್ದೆ ನಿಮ್ಮ ಐಡಿಯಾ ಮೇಲೆ ನೀವೇ ಅಬ್ಜೆಕ್ಷನ್ ಹಾಕಿದ್ರೆ ಅದು ದೂರು ಅನ್ಸ್ಕೊಳ್ಳುತ್ತೆ. ದೂರು ಕ್ಯಾನ್ಸಲ್ ಆಗಿದೆಯಲ್ಲಾ. ನಿಮಗೆ ಅವಾರ್ಡ್ ಬೇರೆ ಬಂದಿದೆ."

ಚಿಲಕ ಬಂತು, ಹೊರಗೇ ಕೂತಿತು. ಮೊದಲ ದಿನವೇ ಶ್ರೀನಾಥನನ್ನು ಒಳಗೆ ಹಾಕಿ ಚಿಲಕ ಜಡಿದ ಸಹೋದ್ಯೋಗಿ ಮರೆತು ಊಟಕ್ಕೆ ಹೋದರು. ಅವನು ಕೆಮ್ಮಿ ಕೆಮ್ಮಿ ಗಂಟಲು ಕಟ್ಟಿಸಿಕೊಂಡ. ಕಡೆಗೆ ಪ್ರಥಮ ಚಿಕಿತ್ಸಾ ಅಧಿಕಾರಿಯೇ ಬಂದು ಬಿಡಿಸಿದರು, ನೀರೂ ಕುಡಿಸಿದರು. ಯೋಜನೆ ಯಶಸ್ವಿಯಾಗಿದೆ, ಮೇಲ್ವಿಚಾರಣೆ ಮಾತ್ರ ಸಾಲದು ಎಂದು ಸಮಿತಿ ಅಭಿಪ್ರಾಯಪಟ್ಟಿತು.

ಅವಾರ್ಡ್ ತೆಗೆದುಕೊಳ್ಳಲು ಅಸುಂತಾಳನ್ನು ವಿಮಾನದಲ್ಲಿ ಮೆಲ್ಬರ್ನ್‌ಗೆ ಕರೆಸಿದರು. ವೇದಿಕೆ ಹತ್ತುವ ಮೊದಲು ಅವಳು ಮುಖ್ಯ ಕಚೇರಿಯ ಟಾಯ್ಲೆಟ್‌ಗೆ ಹೋದಳು. ಒಳಗೆ ಹೊಳೆಯುವ ಚಿಲಕ. ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅಳು ಬಂತು. ಕಣ್ಣೊರೆಸಿಕೊಂಡು, ಇವತ್ತು ಎಲ್ಲರೆದುರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿದಳು. ವೇದಿಕೆ ಮೇಲೆ ಹೂಗುಚ್ಛ ಕೊಟ್ಟು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪ್ರಮೋದ್ ಅಂತೂ ಕಣ್ಣಲ್ಲಿ ನೀರು ತಂದುಕೊಂಡಿದ್ದ, ಅವನ ಹುದ್ದೆ ಅಂದು ಬೆಳಗ್ಗೆ ತಾನೇ ಖಾಯಂ ಆಗಿತ್ತು. ಅತ್ತ ಸಿಡ್ನಿಯಲ್ಲಿ ಹರ್ಮನ್ ಇಗರ್ಜಿಯ ಪೂಜೆಗೆ ಬಂದವರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸುದ್ದಿ ಹಂಚಿಯಾಗಿತ್ತು. ಮೈಕು ಕೈಗೆ ಬಂದಾಗ ಅಸುಂತಾ ಅಂದದ್ದು "ಥ್ಯಾಂಕ್ ಯೂ" ಅಂತ ಮಾತ್ರ.

ವಾಪಸು ಬರುವಷ್ಟರಲ್ಲಿ ಅವಳಿಗೆ ಬಡ್ತಿಯ ಆದೇಶ ಕಾದಿತ್ತು: ಹಿರಿಯ ಚಿಲಕ ಸಂಯೋಜಕಿ. ಟಾಯ್ಲೆಟ್ ಬಾಗಿಲ ಪಕ್ಕ ಕುರ್ಚಿ, ಮೇಜು, ಹೆಸರಿನ ಫಲಕ. ಚಿಲಕವನ್ನು ಅವಳ ಹೊರತು ಬೇರೆ ಯಾರೂ ಮುಟ್ಟತಕ್ಕದ್ದಲ್ಲ.

"ನಾನು ಹೋಗ್ಬೇಕಾದ್ರೆ ಯಾರು ಹಾಕೋದು?" ಅಂತ ಅವಳು ಪ್ರಮೋದ್‌ನನ್ನು ಕೇಳಿದಳು.

"ಒಳ್ಳೇ ಪ್ರಶ್ನೆ ಮೇಡಂ. ಐಡಿಯಾ ಇದ್ರೆ ಕಳಿಸಿ."

ಈಗ ಅಸುಂತಾ ಬೇಕೆನಿಸಿದಾಗ ರಸ್ತೆ ದಾಟಿ ಎದುರಿನ ಶಾಪಿಂಗ್ ಸೆಂಟರ್‌ಗೆ ಹೋಗಿಬರುತ್ತಾಳೆ. ಅವಳು ಬರುವವರೆಗೆ ಶಾಖೆಯವರೆಲ್ಲ ತಡೆದುಕೊಂಡಿರುತ್ತಾರೆ. ಇದಕ್ಕೆ ಸಾಮೂಹಿಕ ಸಂಯಮ ಎಂದು ಹೆಸರು, ಉಳಿದ ಶಾಖೆಗಳಿಗೂ ವಿಸ್ತರಿಸುವ ಪ್ರಸ್ತಾಪ ಇದೆ. ಮೊನ್ನೆ ಅವಳು ಮರಳಿದಾಗ ಶ್ರೀನಾಥ್ ಬಾಗಿಲ ಬಳಿ ಕಾಲು ಬದಲಿಸುತ್ತ ನಿಂತಿದ್ದ. ಈಗ ಅವನು ಸೂರು ನೋಡುವುದಿಲ್ಲ, ಮುಖ ನೋಡಿಯೇ ಮಾತಾಡುತ್ತಾನೆ.

"ಹಾಕ್ಲಾ?" ಅಂದಳು ಅಸುಂತಾ.

"ಬೇಗ ಹಾಕಿ ಆಂಟಿ," ಅಂತ ಅವನು ಒಳಗೆ ಹೋದ. ಅವಳು ಚಿಲಕ ಹಾಕಿ, ಕುರ್ಚಿಯಲ್ಲಿ ಕೂತು, ಅವನ ಕೆಮ್ಮಿಗೆ ಕಿವಿಗೊಟ್ಟಳು.