ಭಟ್ಟರ ಶಟ್‌ಡೌನ್

ನಮ್ಮ ಮಾವನವರಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿಲ್ಲ. ಹಾಗೆ ಹೇಳುವುದು ನಮ್ಮ ಅತ್ತೆ. ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ, ಐದನೆಯ ಸಲ ಹೇಳಿ ನನ್ನ ಮುಖ ನೋಡುತ್ತಾರೆ. ಸೊಸೆಯಾದವಳು ಏನು ಮಾಡಬೇಕು, ನೀವೇ ಹೇಳಿ? ಹೌದೆಂದರೆ ಮಾವನಿಗೆ ಅವಮಾನ, ಅಲ್ಲವೆಂದರೆ ಅತ್ತೆಗೆ! ನಾನು ಕುಕ್ಕರ್ ಕೂಗಿತೆಂದು ಒಳಗೆ ಹೋಗಿಬಿಡುತ್ತೇನೆ. ಕೂಗದ ಕುಕ್ಕರಿಗೆ ಓಡುವುದರಲ್ಲಿ ನನಗೆ ಎಂಟು ವರ್ಷದ ಅನುಭವವಿದೆ.

ಮಾವ ಮೈಸೂರು ಕಡೆಯವರು. ಮೂವತ್ತಾರು ವರ್ಷ ಗುಜರಾತಿನ ಕೊಯಾಲಿಯ ತೈಲ ರಿಫೈನರಿಯಲ್ಲಿ ದುಡಿದು, ಶಿಫ್ಟ್ ಇನ್‌ಚಾರ್ಜ್ ಆಗಿ ರಿಟೈರ್ ಆಗಿ, ಈಗ ಬರೋಡಾದ ಫ್ಲ್ಯಾಟಿನಲ್ಲಿದ್ದಾರೆ. ಅವರು ರಿಟೈರ್ ಆದರೇ ಹೊರತು ಅವರೊಳಗಿನ ರಿಫೈನರಿ ಆಗಲಿಲ್ಲ. ಗ್ಯಾಸ್ ಒಲೆ ಹಚ್ಚುವ ಮೊದಲು ಮೂಗೆತ್ತಿ ಗಾಳಿ ಮೂಸುತ್ತಾರೆ. ಅತ್ತೆ ತವರಿಗೆ ಹೊರಟರೆ ಫ್ರಿಜ್ಜಿನಲ್ಲಿ ಏನೇನಿದೆ ಎಂದು ಬರೆದು, ಸಹಿ ಹಾಕಿ, ಚಾರ್ಜ್ ಒಪ್ಪಿಸಿಯೇ ಹೋಗಬೇಕು. ಇಂಥವರಿಗೆ ನೋಡಿಕೊಳ್ಳಲು ಒಂದು ಪ್ಲಾಂಟ್ ಇಲ್ಲದಿದ್ದರೆ ಕೈ ಕಡಿಯದೇ ಇರುತ್ತದೆಯೇ? ಕಳೆದ ವರ್ಷ ಗಣೇಶನನ್ನು ಬಿಟ್ಟ ಮೇಲೆ, ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಅವರಿಗೆ ಅದು ಸಿಕ್ಕಿತು.

ಕಿರುಬೆರಳಿನಷ್ಟು ಉದ್ದದ ಹಸಿರು ಹುಳ. ಮುಂಗಾಲೆರಡನ್ನೂ ಎದೆಯ ಮುಂದೆ ಜೋಡಿಸಿಕೊಂಡು, ತ್ರಿಕೋನದ ತಲೆಯನ್ನು ಓರೆ ಮಾಡಿ ನಮ್ಮನ್ನೇ ನೋಡುತ್ತಿತ್ತು. ಸೂರ್ಯನ ಕುದುರೆ ಎನ್ನುತ್ತಾರಲ್ಲ, ಅದು. ಮಾವ ನೋಡಿದ್ದೇ ತಾವೂ ಕೈ ಮುಗಿದರು.

"ಏನು ಭಕ್ತಿ ನೋಡಮ್ಮ! ಥೇಟ್ ನಮ್ಮೂರ ದೇವಸ್ಥಾನದ ಭಟ್ರು."

ಅಲ್ಲಿಗೆ ನಾಮಕರಣವಾಯಿತು. ಅತ್ತೆಯ ನಿಂಬೆಕಾಯಿ ಉಪ್ಪಿನಕಾಯಿಯ ದೊಡ್ಡ ಗಾಜಿನ ಜಾಡಿಯನ್ನು ಏಳು ಸಲ ತೊಳೆದು, ಒಳಗೊಂದು ಕಡ್ಡಿ ನಿಲ್ಲಿಸಿ, ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಭಟ್ಟರ ಗೃಹಪ್ರವೇಶವೂ ಆಯಿತು. ಪಕ್ಕದಲ್ಲಿ ಒಂದು ನೋಟ್‌ಬುಕ್. "ಬೆಳಿಗ್ಗೆ ಆರು ಗಂಟೆ: ಸ್ಥಿತಿ ಸಾಮಾನ್ಯ. ಏಳು ಗಂಟೆ: ತಲೆ ಎಡಕ್ಕೆ. ಎಂಟು ಗಂಟೆ: ತಲೆ ಬಲಕ್ಕೆ." ಮಾವ ಸ್ನಾನಕ್ಕೆ ಹೋಗುವಾಗ ನಾನು ಸಹಿ ಮಾಡಿ ಶಿಫ್ಟ್ ತೆಗೆದುಕೊಳ್ಳಬೇಕಿತ್ತು!

ಊಟದ ವಿಷಯಕ್ಕೆ ಬರೋಣ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಹುಳ ಹಸಿರಾಗಿದೆ, ಕರಿಬೇವಿನ ಗಿಡದಲ್ಲಿ ಸಿಕ್ಕಿದೆ, ಮೂರು ಹೊತ್ತೂ ಕೈ ಮುಗಿಯುತ್ತದೆ. ಅದು ಸಸ್ಯಾಹಾರಿ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ ಹಾಕಿ ಕೋಸಂಬರಿ ಇಟ್ಟೆವು. "ಒಗ್ಗರಣೆ ಬೇಡ, ಪಾಪ, ಖಾರ ಆಗತ್ತೆ" ಎಂದು ಅತ್ತೆಯೇ ಹೇಳಿದರು. ಎರಡು ದಿನ ಭಟ್ಟರು ಮುಟ್ಟಲಿಲ್ಲ. ಮೂರನೆಯ ದಿನ ಪರದೆ ಸರಿಸಿದಾಗ ಎಲ್ಲಿಂದಲೋ ಒಂದು ನೊಣ ಬಂದು ಕೋಸಂಬರಿಯ ಮೇಲೆ ಕುಳಿತಿತು. ಮುಗಿದ ಕೈ ಬಿಚ್ಚಿದ್ದು ಕಾಣಿಸಲೇ ಇಲ್ಲ! ನೋಡಿದರೆ ನೊಣ ಭಟ್ಟರ ಕೈಯಲ್ಲಿತ್ತು, ಅರ್ಧ ಬಾಯಲ್ಲಿತ್ತು.

"ರೀ, ಭಟ್ರು ಮಾಂಸ ತಿಂದ್ರು!" ಎಂದು ಅತ್ತೆ ಕೂಗಿದ ರಭಸಕ್ಕೆ ಕೆಳಗಿನ ಮನೆಯವರು ಬಾಲ್ಕನಿಗೆ ಬಂದರು. ಅವರಿಗೆ ಕನ್ನಡ ಬಾರದಿದ್ದದ್ದು ನಮ್ಮ ಪುಣ್ಯ.

ಆಮೇಲೆ ಶುರುವಾಯಿತು ನೊಣದ ಬೇಟೆ. ಅತ್ತೆಯ ಮನೆಯಲ್ಲಿ ನೊಣ ಎಲ್ಲಿಂದ ಬರಬೇಕು? ಅವರು ಒರೆಸಿದ ನೆಲದ ಮೇಲೆ ನಾವೇ ಕಾಲಿಡಲು ಹೆದರುತ್ತೇವೆ. ಮಾವ ಬಾಳೆಹಣ್ಣಿನ ಸಿಪ್ಪೆ ಸೋಫಾದ ಹಿಂದೆ ಬಚ್ಚಿಟ್ಟು ಬೈಸಿಕೊಂಡರು. ಕೊನೆಗೆ ಒಂದು ಡಬ್ಬಿ ಹಿಡಿದು ಬೀದಿಯ ಕಬ್ಬಿನ ಹಾಲಿನ ಅಂಗಡಿಗೆ ಹೋಗಿ, ಶುದ್ಧ ಹಿಂದಿಯಲ್ಲಿ, ಬಹಳ ವಿನಯದಿಂದ, "ನಿಮ್ಮಲ್ಲಿ ನೊಣ ಸಿಗುತ್ತವೆಯೇ?" ಎಂದು ಕೇಳಿದರು. ಅಂಗಡಿಯವನಿಗೆ ಸಿಟ್ಟು ನೆತ್ತಿಗೇರಿತು. "ಅಂಕಲ್, ಹಮಾರೇ ಯಹಾಂ ಏಕ್ ಭೀ ಮಕ್ಖೀ ನಹೀಂ!" ಎಂದ, ಒಂದೇ ಒಂದು ನೊಣವೂ ಇಲ್ಲವೆಂದು ಆಣೆ ಮಾಡಿದ. ಆಣೆ ಮಾಡುವಾಗ ಕೈಯಿಂದ ಮೂಗಿನ ಮೇಲಿನದನ್ನು ಓಡಿಸಿದನಂತೆ. ಅದನ್ನೇ ಮಾವ ಡಬ್ಬಿಗೆ ಹಾಕಿಕೊಂಡು ಬಂದರು.

ಒಂದು ಬೆಳಿಗ್ಗೆ ಮಾವ ಹಾಲು ತರಲು ಹೋಗಿದ್ದರು. ಬಂದು ನೋಡಿದರೆ ಜಾಡಿಯ ತಳದಲ್ಲಿ ಭಟ್ಟರು ಕಾಲು ಚಾಚಿ, ಬಣ್ಣ ಹೋಗಿ ಬಿದ್ದಿದ್ದಾರೆ! ಮಾವ ಹಾಲಿನ ಪ್ಯಾಕೆಟ್ಟನ್ನು ಎದೆಗೊತ್ತಿಕೊಂಡು ಕುರ್ಚಿಯಲ್ಲಿ ಕುಸಿದರು. ಅತ್ತೆಗೂ ಒಂಥರಾ ಆಯಿತು.

"ರೀ, ಇದಕ್ಕೆ ಸ್ನಾನ ಮಾಡ್ಬೇಕಾ?"

"ಗೊತ್ತಿಲ್ಲ ಕಣೇ. ಮಾಡಿದ್ರೆ ತಪ್ಪೇನಿಲ್ಲ."

ಇಬ್ಬರೂ ತಲೆಗೆ ನೀರು ಹಾಕಿಕೊಂಡು ಬಂದಾಗ, ನಾನು ಜಾಡಿಯನ್ನು ಎತ್ತಿ ಹಿಡಿದು ತೋರಿಸಿದೆ. ಮೇಲೆ ಪರದೆಗೆ ಅಂಟಿಕೊಂಡು ಇನ್ನೊಬ್ಬ ಭಟ್ಟರು, ಮೊದಲಿಗಿಂತ ಒಂದು ಸುತ್ತು ದೊಡ್ಡವರು, ಕೈ ಮುಗಿದುಕೊಂಡು ನೇತಾಡುತ್ತಿದ್ದರು. ಕೆಳಗೆ ಬಿದ್ದದ್ದು ಬರೀ ಪೊರೆ! ಮಾವನಿಗೆ ಹೋದ ಜೀವ ಬಂತು. ಆದರೆ ಐದೇ ನಿಮಿಷದಲ್ಲಿ ಮುಖ ಸಪ್ಪಗಾಯಿತು.

"ಛೇ! ಪೊರೆ ಬಿಡೋದನ್ನ ನೋಡ್ಬಹುದಿತ್ತು. ಈ ಹಾಲು ಸಂಜೆ ತಂದಿದ್ರೆ ಆಗ್ತಿರ್ಲಿಲ್ವಾ?"

ಅವತ್ತಿನಿಂದ ಅವರಿಗೆ ಹಿಡಿದದ್ದು ಒಂದೇ ಹಟ. ಭಟ್ಟರು ಪೊರೆ ಬಿಟ್ಟು ದೊಡ್ಡವರಾಗುವುದನ್ನು ಕಣ್ಣಾರೆ ನೋಡಬೇಕು. ಮೊಬೈಲಿನಲ್ಲಿ ಎಷ್ಟೋ ವಿಡಿಯೋ ನೋಡಿ ಕಲಿತರು: ಪೊರೆ ಬಿಡುವ ಮೊದಲು ಹುಳ ಊಟ ಬಿಡುತ್ತದೆ, ತಲೆಕೆಳಗಾಗಿ ನೇತುಬೀಳುತ್ತದೆ, ಆಗ ತೇವ ಬೇಕು, ಯಾರೂ ಅಲ್ಲಾಡಿಸಬಾರದು, ಬಿದ್ದರೆ ಸತ್ತಂತೆಯೇ. ಮಾವ ಇದಕ್ಕೆ ಶಟ್‌ಡೌನ್ ಎಂದು ಹೆಸರಿಟ್ಟರು. ರಿಫೈನರಿಯಲ್ಲಿ ಕೆಲವು ವರ್ಷಕ್ಕೊಮ್ಮೆ ಇಡೀ ಪ್ಲಾಂಟ್ ನಿಲ್ಲಿಸಿ, ಬಿಚ್ಚಿ, ತೊಳೆದು, ಸರಿಮಾಡಿ ಮತ್ತೆ ನಡೆಸುತ್ತಾರಲ್ಲ, ಅದು.

ಎರಡನೆಯ ಶಟ್‌ಡೌನ್ ಬಂದೇ ಬಂತು. ಭಟ್ಟರು ಊಟ ಬಿಟ್ಟರೆಂದು ಮಾವ ನೋಟ್‌ಬುಕ್ಕಿನಲ್ಲಿ "ಫೀಡ್ ಬಂದ್" ಎಂದು ಬರೆಯುತ್ತಿರುವಾಗ ಎದುರು ಮನೆಯ ಹಂಸಾಬೆನ್ ಪಾತ್ರೆ ವಾಪಸ್ ಕೊಡಲು ಬಂದರು. ದಿನವೂ ಭಟ್ಟರಿಗೆ "ಜೈ ಶ್ರೀ ಕೃಷ್ಣ" ಹೇಳಿ ಹೋಗುವ ಸಾಧ್ವಿ. ನೊಣದ ವಿಷಯ ನಾವು ಅವರಿಗೆ ಹೇಳಿರಲಿಲ್ಲ.

"ಆಜ್ ಖಾನಾ ನಹೀಂ ಖಾಯಾ?" ಎಂದು ಕೇಳಿದರು.

"ನಹೀಂ ಬೆನ್, ಸುಬಹ್ ಸೇ ಕುಛ್ ನಹೀಂ."

ಹಂಸಾಬೆನ್ ಕಣ್ಣರಳಿಸಿದರು. "ಅರೇ, ಆಜೇ ತೋ ಅಗಿಯಾರಸ ಛೆ!"

ಅವತ್ತು ಏಕಾದಶಿ! ಏಕಾದಶಿಗೆ ನಿರಾಹಾರ ಮಾಡುವ ಹುಳ ಎಂಬ ಸುದ್ದಿ ಲಿಫ್ಟಿಗಿಂತ ಬೇಗ ಏಳೂ ಮಹಡಿ ಮುಟ್ಟಿತು. ಸಂಜೆ ದರ್ಶನಕ್ಕೆ ನಾಲ್ಕು ಜನ ಬಂದರು. ಅವರನ್ನು ಬಾಗಿಲಲ್ಲೇ ತಡೆದು, ಭಟ್ಟರನ್ನು ಅಲ್ಲಾಡಿಸಬಾರದೆಂದು ಮಾವ ಮುಕ್ಕಾಲು ಗಂಟೆ ಹಿಂದಿಯಲ್ಲಿ ತಿಳಿಹೇಳಿದರು. ಒಳಗೆ ಬಂದಾಗ ಭಟ್ಟರು ಪೊರೆ ಬಿಟ್ಟು ಮುಗಿದಿತ್ತು. ದ್ವಾದಶಿಗೂ ಮುಗಿಯದ ಉಪವಾಸದ ಪಾರಣೆ ನೋಡಲು ಎರಡು ದಿನ ಬಿಟ್ಟು ಬಂದ ಹಂಸಾಬೆನ್ ಎದುರಿಗೇ ಭಟ್ಟರು ಒಂದು ಪತಂಗವನ್ನು ತಲೆಯಿಂದ ತಿನ್ನಲು ಶುರುಮಾಡಿದರು. ಅವತ್ತಿನಿಂದ ಬೆನ್ ಬಾಗಿಲ ಆಚೆಯಿಂದಲೇ ಜೈ ಶ್ರೀ ಕೃಷ್ಣ ಹೇಳುತ್ತಾರೆ.

ಮೂರನೆಯದಕ್ಕೆ ಮಾವ ಪೂರ್ತಿ ಸಿದ್ಧರಾಗಿದ್ದರು. ಹಾಲ್‌ನ ಫ್ಯಾನ್ ಸ್ವಿಚ್ಚಿಗೆ ಕೆಂಪು ಚೀಟಿ ಅಂಟಿಸಿದರು: "ಚಾಲೂ ಮಾಡಬಾರದು. ಸದ್ದು ಮಾಡಬಾರದು. ಕೆಲಸ ನಡೆದಿದೆ." ಗಾಳಿಗೆ ಭಟ್ಟರು ಬಿದ್ದುಬಿಟ್ಟರೆ! ಅಕ್ಟೋಬರಿನ ಬರೋಡಾ ಅಂದರೆ ಏನೆಂದು ಅಲ್ಲಿ ಬೆಂದವರಿಗೇ ಗೊತ್ತು. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಕೆಲಸ ಮಾಡುವ ನಮ್ಮವರು ಶನಿವಾರ ಮನೆಗೆ ಬಂದು, ಬೆವರು ಒರೆಸಿಕೊಳ್ಳುತ್ತಾ, "ಅಪ್ಪ, ಇದು ಮನೆಯೋ ಫರ್ನೇಸೋ?" ಎಂದರು. "ಎರಡು ದಿನ ತಡ್ಕೊಳೋ" ಎಂದರು ಮಾವ. ಭಾನುವಾರ ಮಧ್ಯಾಹ್ನ ಬಿಸಿಬೇಳೆಬಾತ್ ಉಂಡು ಜಾಡಿಯ ಮುಂದೆ ಕೂತ ಮಾವ, ಕೂತಲ್ಲೇ ಗೊರಕೆ ಹೊಡೆದರು. ಎದ್ದಾಗ ಹೊಸ ಭಟ್ಟರು, ಹಳೆಯ ಪೊರೆ!

"ನಾನು ನೋಡ್ದೆ. ಚೆನ್ನಾಗಿತ್ತು" ಎಂದರು ಅತ್ತೆ ಬಟ್ಟೆ ಮಡಿಸುತ್ತಾ.

"ಮತ್ತೆ ನನ್ನ ಎಬ್ಬಿಸ್ಬಾರ್ದಾ?"

"ಶಟ್‌ಡೌನ್‌ನಲ್ಲಿ ಯಾರೂ ಸದ್ದು ಮಾಡ್ಬಾರ್ದು ಅಂತ ನೀವೇ ಬರ್ದಿದೀರಲ್ಲ."

ಮಾವ ಎರಡು ದಿನ ಅತ್ತೆ ಕೊಟ್ಟ ಕಾಫಿ ಮುಟ್ಟಲಿಲ್ಲ. ಮೂರನೆಯ ದಿನ ಜಾಡಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಸೂರತ್ತಿನ ರೈಲು ಹತ್ತಿದರು. ಅಲ್ಲಿನ ವರಾಛಾದಲ್ಲಿ ವಜ್ರಕ್ಕೆ ಪಾಲಿಶ್ ಹಾಕುವ ಒಬ್ಬಾತ ಇಂಥ ಹುಳಗಳನ್ನು ಸಾಕಿ ವಿಡಿಯೋ ಹಾಕುತ್ತಾನೆ, ಅವನೇ ಮಾವನ ಗುರು. ಗುರು ವಜ್ರ ನೋಡುವ ಪುಟ್ಟ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಭಟ್ಟರನ್ನು ಹಿಂದೆ ಮುಂದೆ ತಿರುಗಿಸಿ, ಹೊಟ್ಟೆಯ ಪಟ್ಟಿಗಳನ್ನು ಎಣಿಸಿ, ನಕ್ಕನಂತೆ.

"ಕಾಕಾ, ಆ ತೋ ಬೆನ್ ಛೆ!"

ಎರಡು ತಿಂಗಳಿಂದ ಭಟ್ರು, ಭಟ್ರು ಎಂದು ಕರೆದದ್ದು ಹೆಣ್ಣು! ಮಾವ ಮನೆಗೆ ಬಂದು ತಲೆತಗ್ಗಿಸಿ ಹೇಳಿದಾಗ ಅತ್ತೆ ನಕ್ಕು ನಕ್ಕು ಸುಸ್ತಾದರು. ಹೆಸರು ಮಾತ್ರ ಬದಲಾಗಲಿಲ್ಲ, ಬಾಯಿಗೆ ರೂಢಿಯಾಗಿತ್ತು. ಗುರು ಇನ್ನೊಂದು ಮಾತನ್ನೂ ಹೇಳಿದ್ದ. ರೆಕ್ಕೆಯ ಮೊಗ್ಗು ಊದಿಕೊಂಡಿದೆ, ಇನ್ನು ಪೊರೆ ಬಿಡುವುದು ಒಂದೇ ಸಲ. ಆಗ ರೆಕ್ಕೆ ಬರುತ್ತದೆ, ಅಲ್ಲಿಗೆ ಬೆಳವಣಿಗೆ ಮುಗಿಯಿತು.

"ಇದೊಂದೇ ಬಾಕಿ ಕಣಮ್ಮ. ಇದು ತಪ್ಪಿದ್ರೆ ಮತ್ತೆ ಇಲ್ಲ" ಎಂದು ಮಾವ ನನ್ನ ಹತ್ತಿರ ಹೇಳಿದರು. ತಮಾಷೆ ಮಾಡೋಣವೆಂದು ಬಾಯಿ ತೆರೆದವಳು, ಅವರ ಮುಖ ನೋಡಿ ನೋಟ್‌ಬುಕ್ಕಿಗೆ ಸಹಿ ಹಾಕಿದೆ.

ನವೆಂಬರ್ ಬಂತು. ಪೆನ್ಷನ್ ತೆಗೆದುಕೊಳ್ಳುವವರೆಲ್ಲ ತಾವು ಬದುಕಿದ್ದೇವೆ ಎಂದು ಬ್ಯಾಂಕಿಗೆ ಹೋಗಿ ಹೇಳುವ ತಿಂಗಳು. ಭಟ್ಟರು ಊಟ ಬಿಟ್ಟು ಎರಡು ದಿನವಾಗಿತ್ತು. ಮಾವ ಹೋಗುವುದಿಲ್ಲವೆಂದರು, ಅತ್ತೆ ಹತ್ತು ನಿಮಿಷದ ಕೆಲಸ ಎಂದು ಹೊರಡಿಸಿದರು. ಅವರು ಹೋಗಿ ಕಾಲು ಗಂಟೆಯಾಗಿರಬೇಕು, ಹಾಲ್‌ನಿಂದ ಅತ್ತೆಯ ದನಿ ಕೇಳಿಸಿತು.

"ಬೇಗ ಬಾರೇ! ಭಟ್ರ ಬೆನ್ನು ಬಿರೀತಿದೆ!"

ಫೋನ್ ಮಾಡಿದೆ. ಮಾವನ ಮೊಬೈಲು ಟಿವಿಯ ಪಕ್ಕದಲ್ಲೇ ಹಾಡಿತು!

"ನಿಂತ್ಕೊಂಡು ಏನ್ ನೋಡ್ತೀಯಾ? ಸ್ಕೂಟರ್ ತಗೊಂಡು ಹೋಗಿ ಕರ್ಕೊಂಡ್ ಬಾ. ಓಡು!" ಎಂದರು ಅತ್ತೆ. ಆ ಹುಳವನ್ನು ಕಿಟಕಿಯಿಂದ ಎಸೆಯುತ್ತೇನೆಂದು ವಾರಕ್ಕೊಮ್ಮೆ ಹೇಳುತ್ತಿದ್ದ ಅತ್ತೆ!

ಬ್ಯಾಂಕಿನಲ್ಲಿ ಮಾವ ಆಗಷ್ಟೇ ಕೌಂಟರ್ ಮುಟ್ಟಿದ್ದರು. ನನ್ನನ್ನು ನೋಡಿದ್ದೇ ತಡ, ಪೆನ್ನು ಬಿಟ್ಟು ಹೊರಟರು. "ಅಂಕಲ್, ಸಹಿ?" ಎಂದು ಗುಮಾಸ್ತೆ ಕೂಗಿದಳು. ಮಾವ ತಿರುಗಿಯೂ ನೋಡದೆ, "ಬೇಟಾ, ಮೈಂ ಕಲ್ ಭೀ ಜಿಂದಾ ರಹೂಂಗಾ!" ಎಂದರು. ನಾಳೆಯೂ ಬದುಕಿರುತ್ತಾರಂತೆ! ಮೂವತ್ತಾರು ವರ್ಷ ಎಲ್ಲರಿಗೂ ನಿಧಾನ, ನಿಧಾನ ಎಂದು ಹೇಳಿಕೊಟ್ಟ ಮನುಷ್ಯ ನನ್ನ ಹಿಂದೆ ಕೂತು, "ಸ್ವಲ್ಪ ಜೋರಾಗಿ ಹೊಡಿಯಮ್ಮ" ಎಂದರು.

ಮನೆ ಬಾಗಿಲು ತೆರೆದೇ ಇತ್ತು. ಫ್ಯಾನ್ ನಿಂತಿತ್ತು. ಅತ್ತೆ ಮಂಡಿನೋವನ್ನು ಮರೆತು ನೆಲದ ಮೇಲೆ ಜಾಡಿಯ ಮುಂದೆ ಕೂತಿದ್ದರು. ಮಾವ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದರು, ಅತ್ತೆ ಅದಕ್ಕೂ ಏನೂ ಅನ್ನಲಿಲ್ಲ.

"ಆಗೋಯ್ತಾ?" ಎಂದು ಮಾವ ಪಿಸುಗುಟ್ಟಿದರು.

"ಪೂರ್ತಿ ಆಗಿಲ್ಲ. ಈಚೆಗೆ ಬಂದಿದೆ, ರೆಕ್ಕೆ ಈಗ ಬರ್ತಿದೆ. ಕೂತ್ಕೊಳ್ಳಿ" ಎಂದು ಅತ್ತೆ ಪಕ್ಕಕ್ಕೆ ಸರಿದರು.

ಭಟ್ಟರು ತಮ್ಮ ಪೊರೆಯ ಪಕ್ಕದಲ್ಲೇ ನೇತಾಡುತ್ತಿದ್ದರು. ಬೆನ್ನ ಮೇಲೆ ಒದ್ದೆ ಕರವಸ್ತ್ರ ಹಿಂಡಿಟ್ಟ ಹಾಗೆ ಮುದುಡಿದ ಏನೋ ಇತ್ತು. ಅದು ಬಹಳ ನಿಧಾನವಾಗಿ, ನೋಡುತ್ತಿದ್ದಂತೆಯೇ, ಒಂದೊಂದೇ ಸುಕ್ಕು ಬಿಡಿಸಿಕೊಂಡು ಇಳಿಯತೊಡಗಿತು. ತಿಳಿಹಸಿರು, ಆಚೆಯದು ಕಾಣುವಷ್ಟು ತೆಳು.

ಆಮೇಲೆ ಮಾವ ಜಾಡಿಯಿಂದ ಕಣ್ಣು ತೆಗೆಯದೆ ನನಗೆ ಹೇಳಿದರು. "ನಿನ್ ಗಂಡ ಹುಟ್ಟಿದಾಗ ಪ್ಲಾಂಟ್ ಶಟ್‌ಡೌನ್ ಇತ್ತಮ್ಮ. ಐದನೇ ದಿನಕ್ಕೆ ನೋಡ್ದೆ. ಮಗುಚ್ಕೊಂಡಿದ್ದು, ಎದ್ದು ನಿಂತಿದ್ದು, ನಡೆದಿದ್ದು, ಒಂದನ್ನೂ ನೋಡ್ಲಿಲ್ಲ. ಇವಳು ಹೇಳೋಳು, ನಾನು ಕೇಳೋನು. ಪ್ರತಿ ಸಲ ಡ್ಯೂಟಿ ಮುಗಿಸ್ಕೊಂಡ್ ಬಂದಾಗಲೂ ಮಕ್ಕಳು ಆಗ್ಲೇ ದೊಡ್ಡೋರಾಗ್ಬಿಟ್ಟಿರೋರು. ಆಗ್ತಾ ಇರೋದನ್ನ ನೋಡ್ಲೇ ಇಲ್ಲ."

ಕುಕ್ಕರ್ ನಿಜವಾಗಿಯೂ ಕೂಗುತ್ತಿತ್ತು. ಎಂಟು ವರ್ಷದಲ್ಲಿ ಮೊದಲ ಸಲ ನಾನು ಏಳಲಿಲ್ಲ.

ಮಾವನ ಕನ್ನಡಕ ಮಂಜಾಗಿತ್ತು, ಒರೆಸಿಕೊಳ್ಳಲು ಕೈ ಎತ್ತಲೂ ಅವರಿಗೆ ಮನಸ್ಸಿಲ್ಲ. ಅತ್ತೆ ಅದನ್ನು ಮೆಲ್ಲಗೆ ತೆಗೆದು, ಸೆರಗಿನಿಂದ ಎರಡೂ ಗಾಜನ್ನು ಒರೆಸಿ, ಮತ್ತೆ ಅವರ ಮೂಗಿನ ಮೇಲಿಟ್ಟರು.

"ಸರಿಯಾಗಿ ನೋಡಿ" ಎಂದರು. "ಇನ್ನೂ ಮುಗಿದಿಲ್ಲ."